ಮುಚ್ಚಿದ ಸೇನಾ ನೆಲೆಯಲ್ಲಿ ಜೈವಿಕ ಸಂಶೋಧನಾ ಕ್ಯಾಂಪಸ್ ಕಟ್ಟಬಹುದಾ? ಬೀದರ್‌ನಲ್ಲಿ ಆಗುತ್ತಾ?

ಕಟ್ಟಬಹುದು, ಕಟ್ಟಿದ್ದಾರೆ ಕೂಡ. ಅಮೆರಿಕದ ಕೊಲರಾಡೊದಲ್ಲಿ ಫಿಟ್ಸ್‌ಸೈಮನ್ಸ್ ಎಂಬ ಸೇನಾ ಆಸ್ಪತ್ರೆಯ ನೆಲೆ 1999ರಲ್ಲಿ ಮುಚ್ಚಿತು. ಈಗ ಅಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ಕ್ಯಾಂಪಸ್ ಇದೆ, ಪಕ್ಕದಲ್ಲೇ ಬಯೋಟೆಕ್ ಕಂಪನಿಗಳು. 1955ರಲ್ಲಿ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್ ಚಿಕಿತ್ಸೆ ಪಡೆದ ಹಳೇ ಕಟ್ಟಡವನ್ನು ಕೆಡವದೆ ಉಳಿಸಿಕೊಂಡಿದ್ದಾರೆ.

ದೊಡ್ಡ ತಲೆನೋವು ಮಣ್ಣಿನದು. ಹಳೇ ನೆಲೆಗಳಲ್ಲಿ ಇಂಧನ ಸೋರಿ ನೆಲಕ್ಕೆ ಇಳಿದಿರುತ್ತದೆ, ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ (ಉಸಿರಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ನಾರು) ಇರುತ್ತದೆ. ಮೊದಲು ಅದನ್ನೆಲ್ಲ ತೆಗೆಯಬೇಕು. ಆಮೇಲೆ ಕರೆಂಟು: ಮೈನಸ್ 80 ಡಿಗ್ರಿಯ ಫ್ರೀಜರ್ ಕೈಕೊಟ್ಟರೆ ವರ್ಷಗಟ್ಟಲೆ ಕೂಡಿಟ್ಟ ಸ್ಯಾಂಪಲ್ ಹೋಯ್ತು ಅಂತಲೇ ಲೆಕ್ಕ.

ನಮ್ಮ ಬೀದರ್ ವಾಯುನೆಲೆ ಮುಚ್ಚಿಲ್ಲ, ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ಊರು ಇದೇ ಅಲ್ವಾ! ಆದರೆ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಕ್ಯಾಂಪಸ್ ಮಾತು ಎತ್ತುವುದಾದರೆ ಅದರ ಪಕ್ಕದಿಂದಲೇ ಶುರು ಮಾಡಬೇಕು. ಸುಮ್ನೆ ಖಾಲಿ ಜಾಗ ತೋರಿಸಿದರೆ ಕಂಪನಿಗಳು ಬರುವುದಿಲ್ಲ.