ಹೋಫ್ನರ್ ಗಿಟಾರಿಗೊಂದು ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ವಾದ್ಯಗಳನ್ನು ಊರಿನಲ್ಲೇ ಪ್ರದರ್ಶನಕ್ಕಿಡುವ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಪ್ರಶ್ನೆಗಳು ಬಂದಿವೆ. ಹೆಚ್ಚಿನವು ಜರ್ಮನಿಯ ಹೋಫ್ನರ್ ಗಿಟಾರ್ ಕುರಿತಾದವು. ಅವನ್ನು ಒಂದೇ ಕಡೆ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿಗೆ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯವರು ಮೂರು ಹೋಫ್ನರ್ ಕೊಟ್ಟಿದ್ದಾರೆ. ಒಂದು ಪಿಟೀಲಿನ ಆಕಾರದ ಬೇಸ್ (ತಗ್ಗು ಸ್ವರದ ಗಿಟಾರ್), ಉಳಿದೆರಡು ಎಫ್ ಆಕಾರದ ರಂಧ್ರವಿರುವ ದೊಡ್ಡ ಗಿಟಾರ್. ಒಂದಷ್ಟು ಕ್ಯಾಟಲಾಗು, ಫೋಟೊ ಇವೆ. 12×10 ಅಡಿಯ ಕೋಣೆ ಬಿಟ್ಟುಕೊಟ್ಟಿದ್ದಾರೆ. ಮೊದಲು ಏನು ಮಾಡಬೇಕ್ರಿ? (ಕಲಬುರಗಿ)

ಉತ್ತರ: ಮೊದಲು ಕಾಗದಪತ್ರ, ಆಮೇಲೆ ಬಡಗಿ. ವಾದ್ಯ ದಾನವೋ ಎರವಲೋ ಎಂಬುದನ್ನು ಬರೆಸಿಕೊಂಡು, ಮನೆಯ ವಾರಸುದಾರರೆಲ್ಲರ ಸಹಿ ಹಾಕಿಸಿ. ನಾಲ್ಕು ವರ್ಷದ ಮೇಲೆ ಒಬ್ಬ ಮಗ ಬಂದು ‘ಅದು ನಂದು’ ಅಂದರೆ ಪ್ರಾಂಶುಪಾಲರು ಬದಲಾಗಿರುತ್ತಾರೆ, ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಪ್ರತಿ ವಾದ್ಯಕ್ಕೂ ಒಂದು ಸಂಖ್ಯೆ ಕೊಡಿ. ಆ ಸಂಖ್ಯೆಯನ್ನು ದಪ್ಪ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಹತ್ತಿದಾರದಲ್ಲಿ ಕಟ್ಟಿ. ಸ್ಟಿಕ್ಕರ್ ಬೇಡ, ಅದರ ಅಂಟು ವಾರ್ನಿಶ್ ಜೊತೆಗೇ ಎದ್ದು ಬರುತ್ತದೆ. ಎದುರು, ಬೆನ್ನು, ಎರಡು ಪಕ್ಕ, ತಲೆ, ಬ್ರಿಜ್ (ಮೈಮೇಲೆ ತಂತಿಗಳನ್ನು ಹೊರುವ ಮೆಟ್ಟಿಲು), ಒಳಗಿನ ಲೇಬಲ್, ಈಗಾಗಲೇ ಇರುವ ಪ್ರತಿ ಬಿರುಕು, ಎಲ್ಲದರ ಫೋಟೊ ತೆಗೆದಿಡಿ. ಮುಂದೆ ಕಾಣುವ ಬಿರುಕು ಹೊಸದೋ ಹಳೆಯದೋ ಎಂದು ಹೇಳಲು ಬೇರೆ ಸಾಕ್ಷಿ ಇರುವುದಿಲ್ಲ.

ಆ ಕೋಣೆಗೆ ನಿಲ್ಲಿಸುವ ಪೆಟ್ಟಿಗೆ ಮೂರು, ಕಾಗದಗಳಿಗೆ ಮಲಗಿಸುವ ಪೆಟ್ಟಿಗೆ ಒಂದು ಸಾಕು. ನಡೆಯುವ ದಾರಿ ನಾಲ್ಕು ಅಡಿಗಿಂತ ಕಿರಿದಾಗದಿರಲಿ. ಒಂದು ಬ್ರಾಂಡಿನ ಇಡೀ ಚರಿತ್ರೆ ಹೇಳಲು ಹೋಗಬೇಡಿ, ಒಂದು ಎಳೆ ಹಿಡಿಯಿರಿ. ಹೋಫ್ನರ್‌ಗೆ ಆ ಎಳೆ ಸಿದ್ಧವಾಗಿಯೇ ಇದೆ. 1887ರಲ್ಲಿ ಕಾರ್ಲ್ ಹೋಫ್ನರ್ ತಂತಿವಾದ್ಯ ಮಾಡಲು ಶುರು ಮಾಡಿದ್ದು ಬೊಹೀಮಿಯಾದ ಶೋನ್‌ಬಾಖ್‌ನಲ್ಲಿ. ಆ ಊರು ಈಗ ಚೆಕ್ ದೇಶದ ಲುಬಿ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ ವಾದ್ಯ ಮಾಡುವ ಕುಟುಂಬಗಳು ಬವೇರಿಯಾದ ಬುಬೆನ್‌ರಾಯ್ಟ್ ಎಂಬ ಸಣ್ಣ ಊರಿನಲ್ಲಿ ನೆಲೆ ನಿಂತವು. ಹೋಫ್ನರ್ ಕಾರ್ಖಾನೆಯೂ ಅಲ್ಲಿಗೇ ಬಂತು. ಪಿಟೀಲು ಮಾಡುತ್ತಿದ್ದ ಮನೆತನದಿಂದ ಪಿಟೀಲಿನ ಆಕಾರದ ಬೇಸ್ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರ್ಲ್ ಅವರ ಮಗ ವಾಲ್ಟರ್ ರೂಪಿಸಿದ ಈ 500/1 ಮಾದರಿ 1956ರಲ್ಲಿ ಫ್ರಾಂಕ್‌ಫರ್ಟ್ ವಾದ್ಯಮೇಳದಲ್ಲಿ ಕಾಣಿಸಿಕೊಂಡಿತು. 1961ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹ್ಯಾಂಬರ್ಗ್‌ನಲ್ಲಿ ಅಂಥದ್ದೊಂದನ್ನು ಕೊಂಡರು. ಎಡಗೈಯವರು ತಿರುಗಿಸಿ ಹಿಡಿದರೂ ಎರಡು ಪಕ್ಕ ಒಂದೇ ಸಮ ಕಾಣುವ ಆಕಾರ, ಒಳಗೆ ಟೊಳ್ಳಾದ್ದರಿಂದ ಹಗುರ. ಪೆಟ್ಟಿಗೆಗಳನ್ನು ಇದೇ ಕ್ರಮದಲ್ಲಿ ನಿಲ್ಲಿಸಿ: ಊರು ಬಿಟ್ಟದ್ದು, ಹೊಸ ಊರಲ್ಲಿ ಕಟ್ಟಿದ್ದು, ಜಗತ್ತು ಕಂಡದ್ದು. ಕ್ಯಾಟಲಾಗಿನ ಮೂಲಪ್ರತಿ ಬೀರುವಿನಲ್ಲಿರಲಿ, ಬಣ್ಣದ ನಕಲು ಪ್ರದರ್ಶನಕ್ಕೆ ಸಾಕು.

ಪ್ರಶ್ನೆ: ಪೆಟ್ಟಿಗೆಗೆ ಪ್ಲೈವುಡ್, ಮೇಲೆ ಸನ್ಮೈಕಾ, ಒಳಗೆ ಕೆಂಪು ಮಖಮಲ್ಲು ಹಾಕೋಣ ಅಂತಾರೆ ನಮ್ಮ ಮಿಸ್ತ್ರಿ. ಆಗಬಹುದೇ? (ಬೀದರ್)

ಉತ್ತರ: ಚೆಂದ ಕಾಣುತ್ತದೆ, ಆದರೆ ವಾದ್ಯಕ್ಕೆ ಅದೇ ವಿಷ. ರಕ್ಷಣೆಗೆಂದೇ ಮಾಡಿಸಿದ ಪೆಟ್ಟಿಗೆಯೂ ಗಿಟಾರನ್ನು ಹಾಳು ಮಾಡಬಲ್ಲದು. ಪ್ಲೈವುಡ್, ಎಂಡಿಎಫ್ ಮತ್ತು ಅವುಗಳ ಅಂಟಿನಿಂದ ಫಾರ್ಮಿಕ್, ಅಸೆಟಿಕ್ ಆಮ್ಲದ ಆವಿ ವರ್ಷಗಟ್ಟಲೆ ಬರುತ್ತದೆ. ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಕೂಡಿಕೊಂಡು ಟ್ಯೂನಿಂಗ್ ಕೀಲಿ, ತಂತಿಯ ಕೆಳತುದಿ ಹಿಡಿಯುವ ಟೇಲ್‌ಪೀಸು, ತಂತಿಯ ಕಂಪನ ಹಿಡಿಯುವ ಪಿಕಪ್‌ನ ಮುಚ್ಚಳದ ನಿಕ್ಕಲ್ ಲೇಪವನ್ನು ಮಂಕಾಗಿಸಿ ತಿನ್ನುತ್ತದೆ. ಮಖಮಲ್ಲಿನ ಬಣ್ಣ ತೇವಕ್ಕೆ ಬಿಡುತ್ತದೆ. ಉಣ್ಣೆಯ ಫೆಲ್ಟಿನಲ್ಲಿ ಗಂಧಕವಿದೆ, ಬಿದ್ರಿಯ ಬೆಳ್ಳಿ ಕಪ್ಪಾಗುವುದನ್ನು ಕಂಡ ನಿಮ್ಮ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು, 6 ಮಿ.ಮೀ. ಟಫನ್ ಗಾಜು, ತಳಕ್ಕೆ ಶಹಾಬಾದ್ ಫರ್ಸಿ. ಇವುಗಳಿಂದ ಆವಿಯ ಕಾಟವಿಲ್ಲ. 2×2 ಅಡಿ, 25 ಮಿ.ಮೀ. ದಪ್ಪದ ಫರ್ಸಿ ಸುಮಾರು 25 ಕಿಲೊ ತೂಗುತ್ತದೆ, ಮಕ್ಕಳು ತಳ್ಳಿದರೂ ಪೆಟ್ಟಿಗೆ ಅಲುಗುವುದಿಲ್ಲ. ಹಿಂಬದಿಗೆ ಎಸಿಪಿ (ಅಲ್ಯೂಮಿನಿಯಂ ಪದರದ) ಶೀಟ್ ಹಾಕಿ. ಪ್ಲೈವುಡ್ ಆಗಲೇ ಕೊಂಡಾಗಿದ್ದರೆ ಅದರ ಎಲ್ಲ ಮೈ, ಕತ್ತರಿಸಿದ ಅಂಚು ಸಹಿತ, ಅಲ್ಯೂಮಿನಿಯಂ ಫಾಯಿಲ್ ಟೇಪಿನಿಂದ ಮುಚ್ಚಿ. ಬರೀ ಪೇಂಟಿಗೆ ಆವಿ ನಿಲ್ಲುವುದಿಲ್ಲ. ಗಾಜಿನ ಸಂದಿಗೆ ಸಿಲಿಕೋನ್ ಕೊಳ್ಳುವಾಗ ನ್ಯೂಟ್ರಲ್ ಕೇಳಿ. ಹಚ್ಚಿದಾಗ ವಿನೆಗರ್ ವಾಸನೆ ಬಂದರೆ ಅದು ಅಸೆಟಿಕ್ ಆಮ್ಲ ಬಿಡುವ ಬಗೆ. ನ್ಯೂಟ್ರಲ್ ಆದರೂ ಹಚ್ಚಿದ ಮೂರು ವಾರ ಬಾಗಿಲು ತೆರೆದಿಟ್ಟು ಆಮೇಲೆ ಗಿಟಾರ್ ಒಳಗಿಡಿ.

ಬಟ್ಟೆಯೋ ಪೇಂಟೋ ಅನುಮಾನ ಬಂದರೆ ಪರೀಕ್ಷೆ ಸುಲಭ. ಬಿದ್ರಿ ಕೆಲಸದವರಿಂದ ಒಂದು ತುಂಡು ಬೆಳ್ಳಿ ತಂತಿ, ಕರೆಂಟ್ ವೈರಿನಿಂದ ತಾಮ್ರ, ಒಂದು ಚೂರು ಸೀಸ ತನ್ನಿ. ಮೂರನ್ನೂ ಉಜ್ಜಿ ಹೊಳಪು ಮಾಡಿ, ಪರೀಕ್ಷಿಸುವ ವಸ್ತುವಿನ ಎರಡು ಗ್ರಾಂ ಜೊತೆ ಗಾಜಿನ ಬಾಟಲಿಗೆ ಹಾಕಿ. ಪಕ್ಕದಲ್ಲಿ ಪುಟ್ಟ ಸೀಸೆಯಲ್ಲಿ ಅರ್ಧ ಮಿ.ಲೀ. ಡಿಸ್ಟಿಲ್ಡ್ ನೀರು ಇಟ್ಟು ಬಾಟಲಿ ಬಿಗಿಯಾಗಿ ಮುಚ್ಚಿ. ರಸಾಯನಶಾಸ್ತ್ರ ವಿಭಾಗದ ಓವನ್ನಿನಲ್ಲಿ 60 ಡಿಗ್ರಿಯಲ್ಲಿ 28 ದಿನ ಇಡಿ. ಲೋಹ ಮಾತ್ರ ಹಾಕಿದ ಇನ್ನೊಂದು ಬಾಟಲಿಯೂ ಪಕ್ಕದಲ್ಲಿರಲಿ. ಬೆಳ್ಳಿ ಕಪ್ಪಾದರೆ ಗಂಧಕ, ಸೀಸಕ್ಕೆ ಬಿಳಿ ಪುಡಿ ಹತ್ತಿದರೆ ಆಮ್ಲ. ಇವುಗಳಲ್ಲಿ ಯಾವುದು ಕಂಡರೂ, ಲೋಹ ಮಾತ್ರ ಇರುವ ಬಾಟಲಿಯದಕ್ಕಿಂತ ತಾಮ್ರದ ಬಣ್ಣ ಕೆಟ್ಟರೂ ಆ ವಸ್ತು ಬೇಡ.

ಇಲ್ಲೊಂದು ತೊಡಕಿದೆ. ಆ ಕಾಲದ ಗಿಟಾರುಗಳ ಪಿಕ್‌ಗಾರ್ಡು (ಮೈಗೆ ಗೀರು ಬೀಳದಂತೆ ಹಾಕಿದ ಫಲಕ), ಅಂಚಿನ ಪಟ್ಟಿ ಎಷ್ಟೋ ಸಲ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನವು. ಅದು ಹಳತಾದಂತೆ ತಾನೇ ನೈಟ್ರಿಕ್ ಆಮ್ಲದ ಆವಿ ಬಿಡುತ್ತದೆ. ಪೆಟ್ಟಿಗೆ ತೆಗೆದಾಗ ಕರ್ಪೂರದ ವಾಸನೆ ಬಂದರೆ ಅಲ್ಲಿ ಸೆಲ್ಯುಲಾಯ್ಡ್ ಇದೆ ಎಂದು ತಿಳಿಯಿರಿ. ಮೂಗಿಗೆ ಚುಚ್ಚುವ ಹುಳಿ ವಾಸನೆ, ಮೈಮೇಲೆ ಸಣ್ಣ ಬಿರುಕಿನ ಬಲೆ, ಹತ್ತಿರದ ಸ್ಕ್ರೂ ಹಸಿರಾಗುವುದು ಕಂಡರೆ ಕೊಳೆಯಲು ಶುರುವಾಗಿದೆ. ಅಂಥ ಗಿಟಾರಿಗೆ ಗಾಳಿಯಾಡದ ಪೆಟ್ಟಿಗೆ ಸಲ್ಲದು. ಕೆಳಗೊಂದು ಮೇಲೊಂದು 10 ಮಿ.ಮೀ. ತೂತು ಕೊರೆದು ಸಣ್ಣ ಜಾಲರಿ ಹಾಕಿ, ಬೇರೆ ವಾದ್ಯದ ಜೊತೆ ಇಡಬೇಡಿ. ತೀರಾ ಕೆಟ್ಟಿದ್ದರೆ ಪಿಕ್‌ಗಾರ್ಡ್ ಬಿಚ್ಚಿ, ಸ್ಕ್ರೂ ಸಹಿತ ಕಾಗದದ ಲಕೋಟೆಯಲ್ಲಿ ಬೇರೆ ಕೋಣೆಯಲ್ಲಿಡಿ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಬಿಸಿಯಾಗುವ ಬಲ್ಬು ಹತ್ತಿರವೂ ಬೇಡ.

ಗಿಟಾರ್ ಕೂರಿಸುವ ಆಸರೆಗೆ ರಬ್ಬರ್ ಟ್ಯೂಬ್, ಪಿವಿಸಿ, ಕುರ್ಚಿಯ ಸ್ಪಂಜು ಹಾಕಬೇಡಿ. ಗಿಟಾರಿನ ಮೈಗೆ ಬಳಿದ ನೈಟ್ರೊಸೆಲ್ಯುಲೋಸ್ ಲ್ಯಾಕರಿಗೆ ಅವು ಅಂಟಿಕೊಂಡು ಕಲೆ ಬಿಡುತ್ತವೆ. ಬಿಳಿ ಪಾಲಿಎಥಿಲೀನ್ ಫೋಮ್ ಮೇಲೆ ಒಗೆದ ಕೋರಾ ಬಟ್ಟೆ ಹೊದಿಸಿ. ಭಾರ ಕೆಳಗಿನ ಅಂಚಿನ ಮೇಲೆ ಕೂರಲಿ, ಕುತ್ತಿಗೆ ಬರೀ ಒರಗಿರಲಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಕೋಣೆಗೆ ಕೂಲರ್ ಹಾಕಿದರೆ ಸಾಕೇ, ಎಸಿ ಬೇಕೇ? (ಕಲಬುರಗಿ)

ಉತ್ತರ: ಎರಡೂ ಬೇಡ ಎಂಬುದೇ ನಮ್ಮ ಸಲಹೆ. ಮರಕ್ಕೆ ಕಾಡುವುದು ಸೆಕೆಯಲ್ಲ, ತೇವದ ಏರಿಳಿತ. ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಸ್ಪ್ರೂಸ್ ಹಲಗೆ ಅಡ್ಡಕ್ಕೆ ಕುಗ್ಗಿ ನಾರಿನ ಗುಂಟ ಸೀಳುತ್ತದೆ. ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳ ತುದಿಗಳು ಕುತ್ತಿಗೆಯ ಅಂಚಿನಿಂದ ಹೊರಗೆ ಚಾಚಿ ಬೆರಳಿಗೆ ತಾಗುತ್ತವೆ, ಅದೇ ಮೊದಲ ಎಚ್ಚರಿಕೆ. ಕೂಲರ್ ಹಾಕಿದರೆ ಹಗಲು ತೇವ ಜರ್ರನೆ ಏರುತ್ತದೆ, ನೀರು ಖಾಲಿಯಾದ ಕೂಡಲೇ ಬೀಳುತ್ತದೆ. ಕಚೇರಿ ವೇಳೆಗೆ ಮಾತ್ರ ಓಡುವ ಎಸಿಯದ್ದೂ ಅದೇ ಕಥೆ, ಕರೆಂಟ್ ಹೋದರಂತೂ ಮುಗಿಯಿತು. ಪಶ್ಚಿಮದ ಕಿಟಕಿ ಮುಚ್ಚಿ, ಹೊರಗೋಡೆಗೆ ಪೆಟ್ಟಿಗೆ ತಾಗಿಸದೆ ಆರು ಇಂಚು ಬಿಟ್ಟು ನಿಲ್ಲಿಸಿ, ತೇವವನ್ನು ಪೆಟ್ಟಿಗೆಯ ಒಳಗೇ ಹಿಡಿದಿಡಿ. ಗುರಿ ಶೇ 45ರಿಂದ 55.

ಅದಕ್ಕೆ ಸಿಲಿಕಾ ಜೆಲ್ ಬೇಕು. ಒಂದು ಘನ ಮೀಟರಿಗೆ 20 ಕಿಲೊ ಎಂಬುದು ಸಂಗ್ರಹಾಲಯಗಳ ಹಳೆಯ ಲೆಕ್ಕ. 4 ಅಡಿ ಎತ್ತರ, 2 ಅಡಿ ಅಗಲ, 1 ಅಡಿ ಆಳದ ಪೆಟ್ಟಿಗೆಗೆ ನಾಲ್ಕೂವರೆ ಕಿಲೊ ಆಯಿತು. ಆದರೆ ಅಂಗಡಿಯಿಂದ ತಂದ ಒಣ ಜೆಲ್ ಹಾಗೆಯೇ ಇಟ್ಟರೆ ಅದು ಗಿಟಾರಿನ ತೇವವನ್ನೇ ಹೀರುತ್ತದೆ. ಬಣ್ಣ ಬದಲಾಯಿತೆಂದು ಒಲೆಯ ಮೇಲೆ ಒಣಗಿಸಿ ಮತ್ತೆ ಇಡುವವರು ಮಾಡುವುದೂ ಅದನ್ನೇ. ಮೊದಲು ಜೆಲ್‌ಗೆ ಹದ ಕೊಡಬೇಕು: ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೆಳ್ಳಗೆ ಹರಡಿ, ನಡುವೆ ಒಂದು ಬಟ್ಟಲು ನೀರು, ತೇವ ಅಳೆಯುವ ಒಂದು ಹೈಗ್ರೊಮೀಟರ್ ಇಡಿ. ದಿನಕ್ಕೊಮ್ಮೆ ಕೈಯಾಡಿಸಿ. ನಾಲ್ಕೂವರೆ ಕಿಲೊ ಜೆಲ್ ಶೇ 50ರ ಹದಕ್ಕೆ ಬರಲು ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಕುಡಿಯುತ್ತದೆ. ಬಟ್ಟಲು ತೆಗೆದು ಎರಡು ದಿನ ಬಿಟ್ಟ ಮೇಲೂ ಮೀಟರ್ 50ರ ಆಸುಪಾಸು ನಿಂತರೆ ಹದವಾಯಿತು. ಅವಸರಕ್ಕೆ ನೀರು ಸುರಿದರೆ ಕಾಳು ಚಟಪಟ ಒಡೆದು ಪುಡಿಯಾಗುತ್ತದೆ. ಹದವಾದ ಜೆಲ್ಲನ್ನು ತಳದ ಟ್ರೇಯಲ್ಲಿ ಹರಡಿ, ಮೇಲೆ ತೂತಿನ ಅಲ್ಯೂಮಿನಿಯಂ ತಗಡು ಮುಚ್ಚಿ. ನೀಲಿ ಕಾಳಿನದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ. ಬಣ್ಣವಿಲ್ಲದ್ದೇ ಸಾಕು, ನೋಡಬೇಕಾದ್ದು ಮೀಟರನ್ನು. ಗಾಳಿಯಾಡಲು ತೂತು ಬಿಟ್ಟ ಸೆಲ್ಯುಲಾಯ್ಡ್ ಪೆಟ್ಟಿಗೆಯಲ್ಲಿ ಜೆಲ್ ಬೇಗ ಸೋಲುತ್ತದೆ. ಅದನ್ನು ಕೋಣೆಯ ಅತಿ ತಂಪಾದ ಮೂಲೆಯಲ್ಲಿಟ್ಟು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಜೆಲ್ ಬದಲಿಸಿ.

ಅಗ್ಗದ ಹೈಗ್ರೊಮೀಟರ್ ಹತ್ತು ಅಂಕ ತಪ್ಪು ತೋರಿಸುವುದುಂಟು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟೇ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿ 12 ಗಂಟೆ ಮುಚ್ಚಿಡಿ. 75 ತೋರಿಸಬೇಕು. 69 ಬಂದರೆ ಆ ಮೀಟರಿಗೆ ಸದಾ 6 ಕೂಡಿಸಿ ಓದಿ.

ಪ್ರಶ್ನೆ: ತಂತಿ ಬಿಚ್ಚಿಡಬೇಕೇ? (ಹುಮನಾಬಾದ್)

ಉತ್ತರ: ಪೂರ್ತಿ ಬೇಡ. ಆರು ಉಕ್ಕಿನ ತಂತಿ ಶ್ರುತಿಯಲ್ಲಿದ್ದಾಗ ಒಟ್ಟು ಎಳೆತ 70 ಕಿಲೊ ಆಸುಪಾಸು. ಅದನ್ನು ಹೊತ್ತು ವರ್ಷಗಟ್ಟಲೆ ನಿಂತರೆ ಕುತ್ತಿಗೆ ಬಾಗುತ್ತದೆ. ಹಾಗೆಂದು ಎಲ್ಲ ಬಿಚ್ಚಿದರೆ ಎಫ್ ರಂಧ್ರದ ಹೋಫ್ನರ್‌ಗಳಲ್ಲಿ ಬ್ರಿಜ್ ಉರುಳಿ ಬೀಳುತ್ತದೆ, ಅದು ಅಂಟಿಸಿದ್ದಲ್ಲ, ತಂತಿಯ ಒತ್ತಡಕ್ಕೆ ನಿಂತದ್ದು. ನಾಲ್ಕೈದು ಸ್ವರಸ್ಥಾನ ಇಳಿಸಿ, ತಂತಿ ನೇರ ಕಾಣುವಷ್ಟು ಬಿಗಿ ಉಳಿಸಿ. ಬದಲಿಸುವಾಗ ಒಂದೊಂದೇ ತಂತಿ ಬದಲಿಸಿ. ಬ್ರಿಜ್ ಇರುವ ಜಾಗವನ್ನು ಟೇಪ್ ಹಚ್ಚಿ ಗುರುತು ಮಾಡದೆ, ಎಫ್ ರಂಧ್ರದಿಂದ ಅಳತೆ ತೆಗೆದು ಕಾಗದದಲ್ಲಿ ಕತ್ತರಿಸಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿರುವುದು ನಿಜವಾದ ಹೋಫ್ನರ್ರೇ, ಯಾವ ಕಾಲದ್ದು, ಹೇಗೆ ತಿಳಿಯುವುದು? ಮಾರಿದವರು ‘ಬೀಟಲ್ಸ್ ಗಿಟಾರ್’ ಅಂದಿದ್ದರು. (ಯಾದಗಿರಿ)

ಉತ್ತರ: ಮಾರುವವರು ಹಾಗೆ ಹೇಳದೆ ಇದ್ದರೆ ಆಶ್ಚರ್ಯ. ಎಫ್ ರಂಧ್ರದೊಳಗೆ ಟಾರ್ಚ್ ಬಿಟ್ಟು ದಂತವೈದ್ಯರ ಪುಟ್ಟ ಕನ್ನಡಿಯಲ್ಲಿ ಲೇಬಲ್ ಓದಿ. ಬ್ರಿಟನ್ನಿನಲ್ಲಿ ಲಂಡನ್ನಿನ ಸೆಲ್ಮರ್ ಕಂಪನಿ ಮಾರಿದವುಗಳಿಗೆ ಪ್ರೆಸಿಡೆಂಟ್, ಸೆನೆಟರ್, ಕಮಿಟಿ, ಕ್ಲಬ್ ಎಂಬ ಹೆಸರುಗಳಿವೆ. ಜರ್ಮನಿಯ ಮಾರುಕಟ್ಟೆಗೆ ಹೋದವಕ್ಕೆ ಬರೀ ಅಂಕಿ. 500/1 ಬೇಸ್ ಆದರೆ ಪಿಕಪ್ ನೋಡಿ: ಮೆಕಾರ್ಟ್ನಿಯ 1961ರದ್ದರಲ್ಲಿ ಎರಡೂ ಕುತ್ತಿಗೆ ಕಡೆ ಒತ್ತಾಗಿವೆ, 1963ರದ್ದರಲ್ಲಿ ಒಂದು ಬ್ರಿಜ್ ಬಳಿ ಸರಿದಿದೆ. ಪಿಕಪ್ ಬದಲಾಯಿಸಿದ್ದೂ ಇರಬಹುದಾದ್ದರಿಂದ ಅದೊಂದನ್ನೇ ನಂಬಿ ಇಸವಿ ಬರೆಯಬೇಡಿ, ‘1960ರ ದಶಕ’ ಎಂದರೆ ಸಾಕು. ಇನ್ನು ತಲೆಯ ಮೇಲೆ ಹಾಬ್ನರ್ ಎಂದೋ ಗಿವ್ಸನ್ ಎಂದೋ ಇದ್ದರೆ ಅವು ನಮ್ಮ ದೇಶದ ಬ್ರಾಂಡುಗಳು. ಬೇಸರ ಬೇಡ. ನೋಡಲು ಬಂದವರಲ್ಲಿ ಹತ್ತು ಜನ ಅಂಥದ್ದರ ಮೇಲೆಯೇ ಕಲಿತಿರುತ್ತಾರೆ, ಅದಕ್ಕೊಂದು ಪೆಟ್ಟಿಗೆ ಖಂಡಿತ ಕೊಡಿ.

ಪ್ರಶ್ನೆ: ಗಿಟಾರಿನ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಡಾಂಬರ್ ಗುಳಿಗೆ ಇಟ್ಟಿದ್ದೇವೆ. (ಶಹಾಪುರ)

ಉತ್ತರ: ಗುಳಿಗೆ ಇವತ್ತೇ ತೆಗೆಯಿರಿ. ಅದರ ಆವಿ ಪ್ಲಾಸ್ಟಿಕ್ಕನ್ನೂ ಲ್ಯಾಕರನ್ನೂ ಮೆತ್ತಗಾಗಿಸುತ್ತದೆ, ಒಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ಪುಡಿ ಒರೆಸಿ ಕಪ್ಪು ಕಾಗದ ಹಾಸಿ, ವಾರದಲ್ಲಿ ಮತ್ತೆ ಬಿದ್ದರೆ ಹುಳ ಬದುಕಿದೆ. ಉಸಿರು ಕಟ್ಟಿಸುವುದೇ ಸುರಕ್ಷಿತ ದಾರಿ. ಅಲ್ಯೂಮಿನಿಯಂ ಪದರದ ಚೀಲದಲ್ಲಿ ಗಿಟಾರ್ ಇಟ್ಟು, ಆಕ್ಸಿಜನ್ ಹೀರುವ ಪೊಟ್ಟಣಗಳನ್ನು ವಾದ್ಯಕ್ಕೆ ತಾಗದಂತೆ ಸೇರಿಸಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆಯಿರಿ. 60 ಲೀಟರ್ ಗಾಳಿಯಲ್ಲಿ ಹನ್ನೆರಡೂವರೆ ಲೀಟರ್ ಆಕ್ಸಿಜನ್ ಇರುತ್ತದೆ, 2,000 ಮಿ.ಲೀ. ಸಾಮರ್ಥ್ಯದ ಪೊಟ್ಟಣ ಲೆಕ್ಕಕ್ಕೆ ಏಳು, ಧೈರ್ಯಕ್ಕೆ ಹತ್ತು ಹಾಕಿ. ನಾಲ್ಕು ವಾರ ತೆರೆಯಬೇಡಿ. ಸಾದಾ ಪಾಲಿಥೀನ್ ಚೀಲ ಆಕ್ಸಿಜನ್ನನ್ನು ಒಳಬಿಡುತ್ತದೆ, ಶ್ರಮ ವ್ಯರ್ಥ.

ಪ್ರಶ್ನೆ: ದೀಪ ಮತ್ತು ಫಲಕದ ಬರಹ ಹೇಗಿರಬೇಕು? (ಕಲಬುರಗಿ)

ಉತ್ತರ: ದೀಪ ಪೆಟ್ಟಿಗೆಯ ಹೊರಗೆ, 3000 ಕೆಲ್ವಿನ್ ಎಲ್‌ಇಡಿ. ಭೌತಶಾಸ್ತ್ರ ವಿಭಾಗದ ಲಕ್ಸ್ ಮೀಟರ್ ತಂದು ಅಳೆಯಿರಿ: ಬಣ್ಣದ ಲ್ಯಾಕರ್ ಮತ್ತು ಕಾಗದಕ್ಕೆ 50 ಲಕ್ಸ್ ಮೀರಬಾರದು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ತೆರೆದರೆ ಅದೇ 1,20,000 ಲಕ್ಸ್-ಗಂಟೆ ಆಗುತ್ತದೆ. ಸನ್‌ಬರ್ಸ್ಟ್‌ನ (ನಡುವೆ ತಿಳಿ, ಅಂಚಿಗೆ ಗಾಢವಾಗುವ ಬಣ್ಣದ) ಕೆಂಪು ಮೊದಲು ಹಾರಿಹೋಗುತ್ತದೆ, ಹೋದ ಮೇಲೆ ಬಾರದು.

ಫಲಕ ಕನ್ನಡ, ಉರ್ದು, ಇಂಗ್ಲಿಷಿನಲ್ಲಿರಲಿ. ಒಂದೊಂದು ಭಾಷೆಗೆ 50 ಪದ, 24 ಪಾಯಿಂಟ್ ಅಕ್ಷರ, ನೆಲದಿಂದ ನಾಲ್ಕು ಅಡಿ ಎತ್ತರ. ಮಾದರಿಗೆ: ‘ಹೋಫ್ನರ್ 500/1 ಬೇಸ್. ಜರ್ಮನಿಯ ಬುಬೆನ್‌ರಾಯ್ಟ್, 1960ರ ದಶಕ. ಎದುರು ಸ್ಪ್ರೂಸ್, ಬೆನ್ನು ಮೇಪಲ್. ಮಾಡಿದವರ ಹಿರಿಯರು ಪಿಟೀಲಿನ ಕುಶಲಕರ್ಮಿಗಳು. ಎಫ್ ರಂಧ್ರವಿಲ್ಲದ ಇದರ ಮೈಯನ್ನು ಪಕ್ಕದ ಗಿಟಾರಿನೊಂದಿಗೆ ಹೋಲಿಸಿ ನೋಡಿ.’ ಕೊನೆಯ ಸಾಲಿನಂಥದ್ದು ಪ್ರತಿ ಫಲಕದಲ್ಲೂ ಬೇಕು. ಕಣ್ಣು ಎಲ್ಲಿ ಹಾಯಬೇಕೆಂದು ಹೇಳದಿದ್ದರೆ ಜನ ಓದಿ ಮುಂದೆ ಹೋಗುತ್ತಾರೆ.

ಪ್ರಶ್ನೆ: ಶಾಲೆ ಮಕ್ಕಳು ಮುಟ್ಟಬೇಕು, ಬಾರಿಸಬೇಕು ಅಂತಾರೆ. (ಬೀದರ್)

ಉತ್ತರ: ಮುಟ್ಟಲಿ, ಆದರೆ ಹಳೆಯದನ್ನಲ್ಲ. ನೈಲಾನ್ ತಂತಿಯ ಹೊಸ ಗಿಟಾರೊಂದನ್ನು ಮೂರು ಅಡಿ ಎತ್ತರದ ಕಟ್ಟೆಯ ಮೇಲೆ ಬೆಲ್ಟಿನಿಂದ ಕಟ್ಟಿ. ಉಕ್ಕಿನ ತಂತಿ ತುಂಡಾದರೆ ಕಣ್ಣಿಗೆ ಅಪಾಯ, ಬೆವರಿಗೆ ತುಕ್ಕೂ ಹಿಡಿಯುತ್ತದೆ. ಕೀಲಿಗಳನ್ನು ತಿರುಗಿಸದ ಮಗು ಇಲ್ಲ. ತಲೆಯ ಮೇಲೆ ಅಕ್ರಿಲಿಕ್ ಮುಚ್ಚಳ ಕೂರಿಸಿ ಎರಡು ಸ್ಕ್ರೂ ಹಾಕಿ, ವಾರಕ್ಕೊಮ್ಮೆ ಶ್ರುತಿ ಮಾಡುವವರಿಗೆ ಮಾತ್ರ ಸ್ಕ್ರೂಡ್ರೈವರ್ ಕೊಡಿ.