ಕಲಬುರಗಿಯಲ್ಲಿ ಹೆವಿ ಲೈಸೆನ್ಸ್ ಮಾಡಿಸಿ ಲಾರಿ ಹತ್ತಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ವಯಸ್ಸು 22, ಊರು ಸೇಡಂ ಬಾಜೂಕ, ಕಾರಿನ ಲೈಸೆನ್ಸ್ ಆಗಿ ಎರಡು ವರ್ಷ, ಮನೆ ಟ್ರ್ಯಾಕ್ಟರ್ ಓಡಿಸಿ ರೂಢಿ ಇದೆ. ಸಿಮೆಂಟ್ ಲೋಡಿನ ಲಾರಿ ಹತ್ತಬೇಕು. ಅದಕ್ಕೆ ಡ್ರೈವಿಂಗ್ ಸ್ಕೂಲಿಗೆ ಹೋಗಲೇಬೇಕಾ, ಇಲ್ಲಾ ಯಾರಾದರೂ ಉಸ್ತಾದರ (ಅನುಭವಿ ಡ್ರೈವರ್) ಕೈಕೆಳಗೆ ಕ್ಲೀನರ್ ಆಗಿ ಕಲಿತರೆ ಸಾಕಾ?

ಎರಡೂ ಬೇಕು. ಸ್ಕೂಲಿನ ಫಾರ್ಮ್ 5 ಸರ್ಟಿಫಿಕೇಟ್ ಇಲ್ಲದೆ ಸಾರಿಗೆ ವಾಹನದ ಲೈಸೆನ್ಸಿಗೆ ಅರ್ಜಿ ಮುಂದೆ ಹೋಗುವುದಿಲ್ಲ. ಉಸ್ತಾದರ ಜೊತೆ ತಿರುಗದೆ ಲೋಡ್ ಗಾಡಿ ಕೈಗೆ ಹತ್ತುವುದಿಲ್ಲ. ಸ್ಕೂಲಿನಲ್ಲಿ ಗಾಡಿ ಮುಂದಕ್ಕೆ ಓಡಿಸುವುದನ್ನು ಕಲಿಸುತ್ತಾರೆ, ಅದು ನಿಮ್ಮಂಥ ಟ್ರ್ಯಾಕ್ಟರ್ ಓಡಿಸಿದವರಿಗೆ ವಾರದಲ್ಲೇ ಬರುತ್ತದೆ. ಹೊಸಬರ ಕೈಯಲ್ಲಿ ಗಾಡಿ ಕೆಡುವುದು, ಬಡಿಯುವುದು ಎಲ್ಲಾ ನಿಲ್ಲಿಸುವಾಗ, ರಿವರ್ಸ್ ತೆಗೆಯುವಾಗ ಮತ್ತು ತಿರುವಿನಲ್ಲಿ. ಸ್ಕೂಲ್ ಆರಿಸುವುದರಿಂದ ಹಿಡಿದು ಮೊದಲ ಕೆಲಸ ಹಿಡಿಯುವ ತನಕ ಈ ಮೂರನ್ನೇ ಕಣ್ಣಮುಂದೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು, ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ಲೈಸೆನ್ಸ್ ಆಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು. ನಿಮಗೆ ಎರಡೂ ಆಗಿದೆ. ಎಂಟನೇ ತರಗತಿ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದುಹಾಕಿದ್ದಾರೆ, ಅದರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸಿಗೆ) ಅರ್ಜಿ ಹಾಕಿ, ಜೊತೆಗೆ ವೈದ್ಯರಿಂದ ಫಾರ್ಮ್ 1ಎ ಮಾಡಿಸಿ. ಅದರಲ್ಲಿ ಕಣ್ಣು, ಬಣ್ಣ ಗುರುತಿಸುವುದು, ಕಿವಿ ನೋಡುತ್ತಾರೆ. ಚಷ್ಮಾ ಇದ್ದರೆ ಹಾಕಿಕೊಂಡೇ ಹೋಗಿ, ಮುಚ್ಚಿಡಬೇಡಿ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಕೇಂದ್ರ ನಿಯಮದಂತೆ ಎಲ್‌ಎಲ್‌ಆರ್ ಶುಲ್ಕ 150 ರೂಪಾಯಿ, ಟೆಸ್ಟಿಗೆ 300. ಉಳಿದದ್ದು ಅರ್ಜಿಯ ರಸೀದಿಯಲ್ಲೇ ಬರುತ್ತದೆ, ಆ ರಸೀದಿ ನೋಡಿಕೊಂಡೇ ಸ್ಕೂಲಿನವರ ಪ್ಯಾಕೇಜ್ ಲೆಕ್ಕ ಕೇಳಿ. ಲೈಸೆನ್ಸ್ ಬಂದರೆ 5 ವರ್ಷ ನಡೆಯುತ್ತದೆ. ಪೆಟ್ರೋಲ್, ಗ್ಯಾಸ್, ಆಸಿಡ್ ಟ್ಯಾಂಕರ್ ಹತ್ತುವವರಿಗೆ ಬೇರೆ 3 ದಿನದ ತರಬೇತಿ, ಬೇರೆ ನಮೂದು ಬೇಕು. ಅದು ಸದ್ಯಕ್ಕೆ ನಿಮಗೆ ಬೇಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಒಟ್ಟು ತೂಕ 7,500 ಕೆ.ಜಿ. ಒಳಗಿರುವ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅಂದರೆ ಹೆವಿ ಬರುವ ತನಕ ಮನೆಯಲ್ಲಿ ಕೂರಬೇಕಿಲ್ಲ. ಟಾಟಾ ಏಸ್, ಬೊಲೆರೊ ಪಿಕಪ್ ಥರದ ಗಾಡಿಯಲ್ಲಿ ನೆಹರು ಗಂಜ್‌ನಿಂದ ಅಂಗಡಿಗಳಿಗೆ ಮಾಲು ಹಾಕುವ ಕೆಲಸ ಈಗಲೇ ಹಿಡಿಯಬಹುದು. ಇಕ್ಕಟ್ಟಿನ ಗಲ್ಲಿಯಲ್ಲಿ ಕನ್ನಡಿ ನೋಡಿ ಹಿಂದಕ್ಕೆ ತೆಗೆಯುವ ರೂಢಿ ಅಲ್ಲೇ ಬೀಳುತ್ತದೆ. ಗಾಡಿ ಹಿಡಿಯುವ ಮೊದಲು ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟಿದೆ ನೋಡಿ, ಮಾಲೀಕರ ಬಾಯಿಮಾತು ನಂಬಬೇಡಿ. ಲೈಸೆನ್ಸಿನಲ್ಲಿ ಇಲ್ಲದ ವರ್ಗದ ಗಾಡಿ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತುತ್ತದೆ, ಆ ಭಾರ ನಿಮ್ಮ ಮೇಲೂ ಮಾಲೀಕರ ಮೇಲೂ ಬೀಳುತ್ತದೆ.

ಸ್ಕೂಲ್ ಆರಿಸುವಾಗ ಫೀಸು ಆಮೇಲೆ ಕೇಳಿ, ಮೊದಲು ಅವರ ಲಾರಿ ನೋಡಿ. ಗುರುವಿನ ಕಾಲಕೆಳಗೆ ಬೇರೆ ಕ್ಲಚ್ ಮತ್ತು ಬ್ರೇಕ್ ಇರಲೇಬೇಕು. ಏರ್ ಬ್ರೇಕಿನ, ಅಂದರೆ ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಯುವ ಗಾಡಿಯಾ ಅಂತ ಕೇಳಿ. ಹಳೆಯ ಚಿಕ್ಕ ಗಾಡಿಯಲ್ಲಿ ಕಲಿತು 10 ಗಾಲಿಯ ಗಾಡಿಗೆ ಹೋದವರು ಮೊದಲ ದಿನವೇ ಬ್ರೇಕಿನಲ್ಲಿ ತಡವರಿಸುತ್ತಾರೆ. ನಿಯಮದ ಪ್ರಕಾರ ಭಾರಿ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸ್ಟೀರಿಂಗ್ ನಿಮ್ಮ ಕೈಯಲ್ಲಿರುವ ಸಮಯ 15 ತಾಸಿಗೆ ಕಡಿಮೆ ಇರಬಾರದು. ಇದನ್ನು ಬರೆದಿಡಲು ಸ್ಕೂಲಿನಲ್ಲಿ ಫಾರ್ಮ್ 15 ಅನ್ನುವ ರಿಜಿಸ್ಟರ್ ಇರುತ್ತದೆ, ಪ್ರತಿ ಸಲ ನಿಮ್ಮ ಸಹಿ ಬೀಳಬೇಕು. ಓಡಿಸದೆ ಇದ್ದ ತಾಸಿಗೆ ಸಹಿ ಹಾಕಬೇಡಿ. ಒಂದು ಲಾರಿಯಲ್ಲಿ ಐದಾರು ಜನರನ್ನು ಹತ್ತಿಸಿ ಪಾಳಿ ಪ್ರಕಾರ ಹತ್ತು ಹತ್ತು ನಿಮಿಷ ಕೊಡುವ ಕಡೆ 15 ತಾಸು ಯಾವತ್ತೂ ತುಂಬುವುದಿಲ್ಲ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಅಂತ ಇನ್ನೊಂದು ಬಗೆ ಇದೆ. ಅಲ್ಲಿ ಭಾರಿ ವಾಹನಕ್ಕೆ 6 ವಾರದಲ್ಲಿ 38 ತಾಸಿನ ಪಾಠ, ಪಾಸಾದರೆ ಆರ್‌ಟಿಒ ಟ್ರ್ಯಾಕಿನ ಟೆಸ್ಟ್‌ನಿಂದ ವಿನಾಯಿತಿ. ಅಂಥದ್ದು ನಿಮಗೆ ಎಟುಕಿದರೆ ದುಡ್ಡು ಹೆಚ್ಚಾದರೂ ಅಲ್ಲಿಗೇ ಹೋಗಿ.

ಗುರುವಿಗೆ ನೇರವಾಗಿ ಹೇಳಿ: ರಿಂಗ್ ರೋಡಿನಲ್ಲಿ ನೆಟ್ಟಗೆ ಓಡಿಸುವುದು ಕಡಿಮೆ ಮಾಡಿ, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಎತ್ತುವುದು, ಎಡತಿರುವು ಇವನ್ನು ಹೆಚ್ಚು ಮಾಡಿಸಿ ಅಂತ. ಟೆಸ್ಟಿನಲ್ಲಿ ನೋಡುವುದೂ ಹೆಚ್ಚುಕಡಿಮೆ ಇದನ್ನೇ. ಏರಿನಲ್ಲಿ ಗಾಡಿ ಹಿಂದಕ್ಕೆ ಸರಿಯಬಾರದು. ಪಾರ್ಕಿಂಗ್ ಬ್ರೇಕ್ ಹಾಕಿ, ಕ್ಲಚ್ ಕಚ್ಚುವ ತನಕ ಬಿಟ್ಟು, ಎಂಜಿನ್ ಸದ್ದು ಇಳಿದದ್ದು ಕೇಳಿಸಿದ ಮೇಲೆ ಬ್ರೇಕ್ ಬಿಡಬೇಕು. ಟ್ರ್ಯಾಕ್ಟರಿನವರಿಗೆ ಕಾಲು ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುವ ಚಟ ಇರುತ್ತದೆ. ಲಾರಿಯಲ್ಲಿ ಅದನ್ನು ಮಾಡಿದರೆ ಲೋಡಿನಲ್ಲಿ ಎರಡು ಏರು ಹತ್ತುವಷ್ಟರಲ್ಲಿ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ಈಗ ಏರ್ ಬ್ರೇಕ್. ಇದನ್ನು ತುಸು ವಿವರವಾಗಿ ಹೇಳಲೇಬೇಕು, ಏಕೆಂದರೆ ಕಾರು, ಟ್ರ್ಯಾಕ್ಟರ್ ಎರಡರಲ್ಲೂ ಇದು ಇರುವುದಿಲ್ಲ. ಬೆಳಿಗ್ಗೆ ಗಾಡಿ ಚಾಲು ಮಾಡಿದ ಕೂಡಲೇ ಹೊರಡುವಂತಿಲ್ಲ. ಗಾಳಿಯ ಮೀಟರಿನ ಮುಳ್ಳು 6 ಬಾರ್ ದಾಟಬೇಕು, ಬಝರ್ ಕೂಗುವುದು ನಿಲ್ಲಬೇಕು. ಆಮೇಲೆ ಗಾಲಿಗೆ ಅಡ್ಡ ಕಲ್ಲು ಇಟ್ಟು, ಎಂಜಿನ್ ಬಂದ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಮುಳ್ಳು ಮೊದಲು ಸ್ವಲ್ಪ ಇಳಿಯುತ್ತದೆ, ಅದು ಸಹಜ. ನಂತರ ಒಂದು ನಿಮಿಷ ಅಲ್ಲೇ ನಿಲ್ಲಬೇಕು. ಇಳಿಯುತ್ತಲೇ ಹೋದರೆ, ಕೆಳಗೆ ಸುಸ್ಸ್ ಅಂತ ಸದ್ದು ಕೇಳಿದರೆ ಎಲ್ಲೋ ಪೈಪು ಅಥವಾ ಡಯಾಫ್ರಮ್ (ಬ್ರೇಕಿನ ರಬ್ಬರ್ ಪೊರೆ) ಸೋರುತ್ತಿದೆ, ಗಾಡಿ ತೆಗೆಯಬೇಡಿ. ಗಾಳಿ ತೀರಾ ಕಮ್ಮಿಯಾದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಂದಿನ ಗಾಲಿ ಹಿಡಿದುಬಿಡುತ್ತದೆ, ಅದು ನಡುರಸ್ತೆಯಲ್ಲಿ ಆದರೆ ಹಿಂದಿನಿಂದ ಬರುವವರಿಗೆ ಅಪಾಯ. ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡುವುದನ್ನೂ ಮರೆಯಬೇಡಿ. ನೀರಿನ ಜೊತೆ ಎಣ್ಣೆ ಬಂದರೆ ಕಂಪ್ರೆಸರ್ ಕೆಡುತ್ತಿದೆ ಅಂತ ಅರ್ಥ, ಮಾಲೀಕರಿಗೆ ಅವತ್ತೇ ಹೇಳಿ.

ಓಡಿಸುವಾಗ ಪೆಡಲನ್ನು ಕಾರಿನಲ್ಲಿ ಮಾಡಿದಂತೆ ಮತ್ತೆ ಮತ್ತೆ ಒತ್ತಬಾರದು. ಪ್ರತಿ ಒತ್ತಿಗೂ ಗಾಳಿ ಖರ್ಚಾಗುತ್ತದೆ. ಏರ್ ಬ್ರೇಕ್ ಒತ್ತಿದ ತಕ್ಷಣ ಹಿಡಿಯುವುದೂ ಇಲ್ಲ, ಗಾಳಿ ಹಿಂದಿನ ಗಾಲಿ ಮುಟ್ಟಲು ಒಂದು ಕ್ಷಣ ಬೇಕು. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನೀವು ನೋಡಿ ಕಾಲಿಡುವ ಹೊತ್ತು, ಗಾಳಿ ತಲುಪುವ ಹೊತ್ತು ಸೇರಿಸಿದರೆ ಬ್ರೇಕ್ ಹಿಡಿಯುವ ಮೊದಲೇ 25 ಮೀಟರ್ ದಾಟಿರುತ್ತೀರಿ. ಅದಕ್ಕೇ ಮುಂದಿನ ಗಾಡಿ ದಾಟಿದ ಕಂಬವನ್ನು ನೀವು ಮುಟ್ಟುವಷ್ಟರಲ್ಲಿ ನಿಧಾನವಾಗಿ ನಾಲ್ಕು ಎಣಿಸುವಷ್ಟು ಅಂತರ ಇರಲಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರು ಈಗಲೂ ಇದ್ದಾರೆ. ಪುಣೆ ದಾಟಿ ಖಂಡಾಲಾ ಘಾಟಿನಲ್ಲಿ ಹಾಗೆ ಮಾಡಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವುದು) ಹಾಕಿಕೊಂಡು ಇಳಿಯಿರಿ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು, ನಡುವೆ ಬದಲಿಸಲು ಹೋಗಿ ಗೇರ್ ಬೀಳದೆ ಹೋದರೆ ಗಾಡಿ ಹಿಡಿಯುವುದು ಕಷ್ಟ.

ರಿವರ್ಸ್ ಬಗ್ಗೆ: ಬೇಳೆ ಮಿಲ್ಲಿನ ಅಂಗಳಕ್ಕೆ ಗಾಡಿ ಹಾಕುವ ಮೊದಲು ಇಳಿದು ಒಂದು ಸುತ್ತು ನಡೆದು ನೋಡಿ. ಮೇಲೆ ಕರೆಂಟಿನ ತಂತಿ, ತಗಡಿನ ಅಂಚು, ಕೆಳಗೆ ಮುಚ್ಚದ ಗಟಾರ, ಮಲಗಿದ ಹಮಾಲರು. ಕ್ಲೀನರ್ ನಿಮ್ಮ ಬದಿಯ ಕನ್ನಡಿಯಲ್ಲಿ ಕಾಣುವಲ್ಲೇ ನಿಂತಿರಬೇಕು. ಅವನು ಕನ್ನಡಿಯಿಂದ ಮರೆಯಾದ ಆ ಕ್ಷಣಕ್ಕೆ ಬ್ರೇಕ್, ಅವನ "ಬರ್ಲಿ ಬರ್ಲಿ" ಕೇಳುತ್ತಿದ್ದರೂ ಸರಿ. ಕ್ಲೀನರ್ ಗಾಡಿಯ ಬಾಡಿ ತಟ್ಟಿದರೆ ನಿಲ್ಲಬೇಕಾ, ಬರಬೇಕಾ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ, ಒಬ್ಬೊಬ್ಬರದು ಒಂದೊಂದು ಪದ್ಧತಿ. ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಎಡಕ್ಕೆ ತಿರುಗುವಾಗ ಆ ಸಂದಿಯಲ್ಲೇ ಬೈಕಿನವರು ನುಗ್ಗುತ್ತಾರೆ. ಎಡಗನ್ನಡಿ ನೋಡುತ್ತಲೇ ತಿರುಗಿಸಿ, ಹಿಂದಿನ ಗಾಲಿ ಮೂಲೆ ದಾಟಿತು ಅಂತ ಕಂಡ ಮೇಲೆ ಸ್ಟೀರಿಂಗ್ ನೆಟ್ಟಗೆ ಮಾಡಿ.

ನಮ್ಮ ಕಡೆಯ ರಸ್ತೆಗೆ ಸೇರಿದ ಎರಡು ಮಾತು. ಮಳೆಗಾಲದಲ್ಲಿ ಡಾಂಬರು ಬಿಟ್ಟು ಪಕ್ಕಕ್ಕೆ ಇಳಿಸಬೇಡಿ. ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಲೋಡ್ ಗಾಡಿಯ ಎಡಗಾಲಿ ಇಳಿದರೆ ಗಾಡಿ ಹಾಗೇ ವಾಲುತ್ತದೆ. ಎದುರಿನವರಿಗೆ ದಾರಿ ಕೊಡಬೇಕಾದರೆ ಡಾಂಬರಿನ ಮೇಲೇ ನಿಂತುಕೊಡಿ. ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರ, ಬೀದರ್ ಕಡೆ ರಾತ್ರಿ ಹಿಂದಿನ ದೀಪವಿಲ್ಲದ ಎರಡು ಟ್ರೇಲಿಯ ಟ್ರ್ಯಾಕ್ಟರ್ ಮುಂದೆ ಸಿಗುತ್ತವೆ. ಆಗ ಡಿಪ್ಪರ್ ಬೆಳಕಿಗೆ ಎಷ್ಟು ದೂರ ಕಾಣುತ್ತದೋ ಅಷ್ಟರಲ್ಲಿ ನಿಲ್ಲಿಸಲು ಆಗುವ ವೇಗದಲ್ಲೇ ಇರಿ.

ಬೇಸಿಗೆಯಲ್ಲಿ ಟೈರು. ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಅಳೆಯಬೇಕು, ಆ ಗಾಡಿಗೆ ಕಂಪನಿ ಹೇಳಿದಷ್ಟು ಪಿಎಸ್‌ಐ ಇರಬೇಕು. ಮಧ್ಯಾಹ್ನ ಕಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತು ಅಂತ ಗಾಳಿ ಬಿಡಬೇಡಿ. ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗಿ, ಪಕ್ಕದ ಗೋಡೆ ಮಡಚಿ ಮಡಚಿ ಇನ್ನೂ ಕಾದು ಸಿಡಿಯುತ್ತದೆ. ಜೋಡಿ ಗಾಲಿಯಲ್ಲಿ ಒಳಗಿನದು ಕೂತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ರಾಡಿನಿಂದ ಎರಡನ್ನೂ ಬಡಿದು ನೋಡಿ, ಗಾಳಿ ಇದ್ದದ್ದು ಟಣ್ ಅಂತ ಪುಟಿಯುತ್ತದೆ, ಇಲ್ಲದ್ದು ದಬ್ ಅನ್ನುತ್ತದೆ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯಾದರೆ ನೀಲಿ ಮುಚ್ಚಳದ ಡಿಇಎಫ್ (ಹೊಗೆ ಶುದ್ಧ ಮಾಡುವ ದ್ರವ) ಟ್ಯಾಂಕನ್ನೂ ನೋಡಿ. ಅದು ಖಾಲಿಯಾದರೆ ಎಂಜಿನ್ ಎಳೆಯುವುದು ಬಿಡುತ್ತದೆ. ಆ ದ್ರವವನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಗಾಡಿ ಚಾಲು ಮಾಡದೆ ಮೆಕ್ಯಾನಿಕ್ ಕರೆಸಿ.

ಲೋಡಿನ ಲೆಕ್ಕ ನೀವೇ ಮಾಡಲು ಕಲಿಯಿರಿ. 10 ಗಾಲಿಯ ಗಾಡಿಗೆ ಒಟ್ಟು ತೂಕದ ಮಿತಿ 28.5 ಟನ್. ಖಾಲಿ ತೂಕ 9.5 ಟನ್ ಇದ್ದರೆ ಮಾಲಿಗೆ ಉಳಿಯುವುದು 19 ಟನ್, 50 ಕೆ.ಜಿ. ಚೀಲದ ಲೆಕ್ಕದಲ್ಲಿ 380 ಸಿಮೆಂಟ್ ಚೀಲ. ಕಾರ್ಖಾನೆಯ ತೂಕದ ಕಾಟಾ ಚೀಟಿ ನೋಡಿದ ಮೇಲೇ ಗೇಟ್ ದಾಟಿ. ಮಿತಿ ಮೀರಿದರೆ ಕಾಯ್ದೆಯಲ್ಲಿ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ತಾಡಪತ್ರಿ ಕಟ್ಟುವುದನ್ನು ಕ್ಲೀನರಿಗೆ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಒಂದು ಮೂಲೆಯಲ್ಲಿ ನೀರು ಇಳಿದರೆ ಆ ಚೀಲಗಳೆಲ್ಲ ಕಲ್ಲಾಗುತ್ತವೆ, ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಹೊರಟು 20-30 ಕಿ.ಮೀ. ಆದ ಮೇಲೆ ಲೋಡ್ ಕುಳಿತು ಹಗ್ಗ ಸಡಿಲಾಗುತ್ತದೆ, ನಿಲ್ಲಿಸಿ ಮತ್ತೆ ಬಿಗಿಯಿರಿ. ಇ-ವೇ ಬಿಲ್‌ನಲ್ಲಿರುವ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಗಾಡಿ ನಂಬರು ನಿಮ್ಮದೇನಾ, ಅವಧಿ ಎಂದಿಗೆ ಮುಗಿಯುತ್ತದೆ ಇವೆರಡನ್ನೂ ಓದಿಕೊಳ್ಳಿ. 200 ಕಿ.ಮೀ.ಗೆ ಒಂದು ದಿನದ ಲೆಕ್ಕ, 500 ಕಿ.ಮೀ. ದಾರಿಗೆ 3 ದಿನ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ 8 ತಾಸು ಮೊದಲಿನಿಂದ ಮುಗಿದ ನಂತರದ 8 ತಾಸಿನೊಳಗೆ ವಿಸ್ತರಿಸಬೇಕು, ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ ಮಾಡಿಸಿ.

ಲೈಸೆನ್ಸ್ ಕೈಗೆ ಬಂದ ಕೂಡಲೇ ಮುಂಬೈ ಲೈನ್ ಒಪ್ಪಿಕೊಳ್ಳಬೇಡಿ. ಮೊದಲು 6 ಗಾಲಿಯ ಗಾಡಿಯಲ್ಲಿ ಸೇಡಂ, ವಾಡಿ, ಶಹಾಬಾದ್, ಕಲಬುರಗಿ ನಡುವಿನ ಹಗಲು ಟ್ರಿಪ್ ಹಿಡಿಯಿರಿ, ಇಲ್ಲಾ ದೊಡ್ಡ ಗಾಡಿಗೆ ಎರಡನೇ ಡ್ರೈವರ್ ಆಗಿ ಹೋಗಿ. ಖಾಲಿ ಬರುವಾಗ ಉಸ್ತಾದರು ಸ್ಟೀರಿಂಗ್ ಕೊಡುತ್ತಾರೆ, ಲೋಡಿನಲ್ಲಿ ಕೊಡುವುದು ಆಮೇಲೆ. ಖಾಲಿ ಗಾಡಿ ಮಳೆಯಲ್ಲಿ ಬೇಗ ಜಾರುತ್ತದೆ, ಅದನ್ನು ಹಗುರ ಅಂದುಕೊಳ್ಳಬೇಡಿ.

ಕೆಲಸ ಒಪ್ಪುವ ಮೊದಲು ಮಾಲೀಕರ ಹತ್ತಿರ ಬಾಯಿಬಿಟ್ಟು ಕೇಳಬೇಕಾದದ್ದು: ಪಗಾರ ತಿಂಗಳ ಲೆಕ್ಕವೋ ಟ್ರಿಪ್ ಲೆಕ್ಕವೋ, ಬತ್ತಾ ದಿನಕ್ಕೆ ಎಷ್ಟು, ಹಮಾಲಿ ಮತ್ತು ಪಂಕ್ಚರ್ ಖರ್ಚು ಯಾರದು, ಓವರ್‌ಲೋಡ್ ದಂಡ ಯಾರು ಕಟ್ಟುತ್ತಾರೆ, ಡೀಸೆಲ್ ಆವರೇಜ್ ಎಷ್ಟು ಹಿಡಿದಿದ್ದಾರೆ, ಕಡಿಮೆ ಬಂದರೆ ನಿಮ್ಮ ಪಗಾರದಲ್ಲಿ ಮುರಿಯುತ್ತಾರಾ. ನಿಮ್ಮ ಅಸಲಿ ಲೈಸೆನ್ಸನ್ನು ಅವರ ಹತ್ತಿರ ಅಡವಿನಂತೆ ಇಡಬೇಡಿ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ 8 ತಾಸು, 5 ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಅನ್ನುತ್ತಿತ್ತು. ಲೈನಿನಲ್ಲಿ ಇದನ್ನು ಪಾಲಿಸಿದವರು ಕಡಿಮೆ, ಆದರೂ ಅರ್ಧ ತಾಸಿನ ವಿಶ್ರಾಂತಿಯನ್ನು ಬಿಟ್ಟುಕೊಡಬೇಡಿ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಕಣ್ಣು ಎಳೆದರೆ ಕಿಟಕಿ ತೆರೆಯುವುದು, ಗುಟ್ಕಾ ಹಾಕುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಪೆಟ್ರೋಲ್ ಪಂಪಿನ ಅಂಗಳದಲ್ಲಿ ನಿಲ್ಲಿಸಿ, ಟ್ರಾನ್ಸ್‌ಪೋರ್ಟಿನವರಿಗೆ ಒಂದು ಫೋನ್ ಮಾಡಿ, ಮಲಗಿಬಿಡಿ.