ತರಗು ಬೆಂಕಿಯೂ ಕಾಳ್ಗಿಚ್ಚೂ ಒಂದೇ ಅಲ್ಲ

ಮಾನ್ಯರೇ,

ಕಾಡುವಾಸಿಗಳಾದ ಸೋಲಿಗರು ಒಣಗಿದ ಎಲೆಗೆ ಇಡುತ್ತಿದ್ದ ತರಗು ಬೆಂಕಿಯ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ, 2019ರಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡ ಮೇಲೂ ಕಾಡಿಗೆ ಬೆಂಕಿ ಇಡುವುದನ್ನು ಹವಾಮಾನ ಬದಲಾವಣೆಗೆ ಪರಿಹಾರವೆಂಬಂತೆ ಬರೆಯುವುದು ಸರಿಯೇ ಎಂದು ಮಂಡ್ಯದಿಂದ ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ, ಬೇಸಿಗೆ ಬಂತೆಂದರೆ ಮೈಸೂರಿನವರಾದ ನಮಗೂ ಆ ಆತಂಕ ಇದ್ದೇ ಇದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಕಿ ಇಡುತ್ತಿದ್ದುದು ಬಿರುಬೇಸಿಗೆಗೆ ಮುನ್ನ, ಎಲೆ ಉದುರಿದ್ದರೂ ನೆಲದಲ್ಲಿ ಇನ್ನೂ ತೇವ ಉಳಿದಿರುವಾಗ. ಆ ಬೆಂಕಿ ಮರದ ತಲೆಗೆ ಏರದೆ, ತರಗು ಮತ್ತು ಒಣಹುಲ್ಲನ್ನು ಮಾತ್ರ ಸುಟ್ಟು ನೆಲಮಟ್ಟದಲ್ಲೇ ಹರಿದು ಆರುತ್ತಿತ್ತು. 1974ರಲ್ಲಿ ಅಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಈ ಪದ್ಧತಿಗೆ ತಡೆ ಬಿತ್ತು. ಅಂದಿನಿಂದ ಲಂಟಾನವೆಂಬ ಕಳೆಪೊದೆ ಹಬ್ಬಿತೆಂದೂ, ನೆಲ್ಲಿಮರಗಳಿಗೆ ಬದನಿಕೆಯೆಂಬ ಪರಾವಲಂಬಿ ಗಿಡ ಹತ್ತಿ ಕೊಂಬೆಗಳು ಒಣಗತೊಡಗಿದವೆಂದೂ ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ನೆಲ್ಲಿ ಕ್ಷೀಣಿಸಲು ಕಾಯಿ ಕೊಯ್ಯುವವರೇ ಕಾರಣವೆಂಬ ವಾದ ಬಲವಾಗಿದ್ದ ಕಾಲದಲ್ಲಿ ಅವರು ಹೀಗೆ ಹೇಳಿದರು. ವಿಜ್ಞಾನಿಗಳು ಕಾಡಿಗಿಳಿದು ಪರಿಶೀಲಿಸಿದಾಗ ಬದನಿಕೆಯ ಹಾವಳಿ ನಿಜವೆಂದೇ ಕಂಡುಬಂತು. ಈ ಮಾತನ್ನು ಗೌರವಿಸಬೇಕಾದದ್ದು ಅದು ಹಳೆಯದೆಂಬ ಕಾರಣಕ್ಕಲ್ಲ, ಪರೀಕ್ಷೆಗೆ ನಿಲ್ಲುವ ತಿಳಿವಳಿಕೆ ಎಂಬ ಕಾರಣಕ್ಕೆ.

ಹವಾಮಾನಕ್ಕೂ ಇದಕ್ಕೂ ಇರುವ ನಂಟು ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ಲೆಕ್ಕಕ್ಕೇ ಸಿಕ್ಕಿದೆ. ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿಗಳು ಒಣಹವೆಯ ಆರಂಭದಲ್ಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚುವುದರಿಂದ ತಡವಾಗಿ ಏಳುವ ದೊಡ್ಡ ಕಿಚ್ಚು ತಗ್ಗುತ್ತದೆ. ಹಾಗೆ ಗಾಳಿಗೆ ಸೇರದೆ ತಪ್ಪಿದ ಹಸಿರುಮನೆ ಅನಿಲವನ್ನು ಅಳೆದು ಆ ಸಮುದಾಯಗಳಿಗೆ ಹಣ ಕೊಡುವ ವ್ಯವಸ್ಥೆ 2006ರಿಂದ ನಡೆದುಬಂದಿದೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ 7ನೇ ವಿಧಿಯೂ ಬದಲಾಗುವ ಹವಾಮಾನಕ್ಕೆ ಹೊಂದಿಕೊಳ್ಳುವ ಕ್ರಮಗಳಿಗೆ ವಿಜ್ಞಾನದ ಜೊತೆಗೆ ಮೂಲನಿವಾಸಿಗಳ ಜ್ಞಾನವನ್ನು ಹೆಸರಿಸುತ್ತದೆ.

ಹಾಗೆಂದು ನಾಳೆಯೇ ಬೆಂಕಿ ಹಚ್ಚಬೇಕೆಂದು ನಾವು ಹೇಳುತ್ತಿಲ್ಲ. ಇಂದು ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಆಳೆತ್ತರಕ್ಕೂ ಮೀರಿ ಹೆಣೆದುಕೊಂಡಿರುವ ಲಂಟಾನದ ಒಣಕಡ್ಡಿಗಳು ಕಿಡಿಯನ್ನು ನೇರವಾಗಿ ಮರದ ತಲೆಗೆ ಒಯ್ಯುತ್ತವೆ. ಮೊದಲು ಅದನ್ನು ಬುಡಸಮೇತ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಆ ಕಡ್ಡಿಯಿಂದಲೇ ಕುರ್ಚಿ, ಮೇಜು ಮಾಡಿ ಮಾರುತ್ತಿರುವುದರಿಂದ ಕಿತ್ತದ್ದೂ ವ್ಯರ್ಥವಾಗಬೇಕಿಲ್ಲ.

ಆಮೇಲೆ ಎಲ್ಲಿ, ಯಾವಾಗ, ಎಷ್ಟು ಸುಡಬೇಕು, ಅಥವಾ ಸುಡಲೇಬಾರದೇ ಎಂಬುದನ್ನು ಗ್ರಾಮಸಭೆ ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ದೊರೆತದ್ದು 2011ರಲ್ಲಿ. ಜೇನು, ನೆಲ್ಲಿಕಾಯಿ ತರುವುದಷ್ಟೇ ಆ ಹಕ್ಕಲ್ಲ, ಕಾಡನ್ನು ಕಾಪಾಡಿ ನಿರ್ವಹಿಸುವುದೂ ಅದರಲ್ಲಿ ಸೇರಿದೆ. ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿರುವ ಜೇನುಕುರುಬರಿಗೂ ಬೆಟ್ಟಕುರುಬರಿಗೂ ಈ ಹಕ್ಕು ಪೂರ್ಣವಾಗಿ ದಕ್ಕಬೇಕೆಂಬುದು ಪತ್ರಿಕೆಯ ನಿಲುವು. ನಿಮ್ಮ ಆಕ್ಷೇಪಕ್ಕೆ ಕಾಡಿನೊಳಗಿನವರೇ ಉತ್ತರಿಸಲೆಂದು ನಿಮ್ಮ ಪತ್ರವನ್ನೂ ಇದರೊಡನೆ ಪೂರ್ತಿಯಾಗಿ ಅಚ್ಚು ಮಾಡಿದ್ದೇವೆ.

– ಸಂಪಾದಕ